ಬೆಳ್ಳಿ ಹಿಡಿದ ಕೊಂಬೆಗಳು

ನನ್ನ ಅಣ್ಣನದು ಪುಸ್ತಕ ಬೈಂಡಿಂಗ್ ಕೆಲಸ. ನನ್ನದು ಮಿದುಳನ್ನು ಹೋಳು ಮಾಡುವ ಕೆಲಸ. ಹೀಗೆ ಹೇಳಿದರೆ ಕೇಳಿದವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹಾಗಾಗಿ ಬಿಡಿಸಿ ಹೇಳುವುದೇ ಒಳ್ಳೆಯದು.

ನದಿಯಾಚೆಯ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಪ್ರಯೋಗಾಲಯ. ತೀರಿಕೊಂಡವರ ಮಿದುಳಿನ ಸಣ್ಣ ತುಣುಕುಗಳು ಶೀಷೆಗಳಲ್ಲಿ ಅಲ್ಲಿಗೆ ಬರುತ್ತವೆ. ಅವನ್ನು ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಬೆಳಕು ತಾಗದ ಕಪಾಟಿನಲ್ಲಿ ದಿನಗಟ್ಟಲೆ ಇಟ್ಟು, ಆಮೇಲೆ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಮೈಕ್ರೋಸ್ಕೋಪಿನ ಕೆಳಗೆ ಫೋಟೊ ತೆಗೆಯುವುದು ನನ್ನ ಕೆಲಸ. ನೂರು ನರಕೋಶಗಳಲ್ಲಿ ಒಂದೋ ಎರಡೋ ಮಾತ್ರ ಬೆಳ್ಳಿ ಹಿಡಿದು ಕಪ್ಪಗಾಗುತ್ತವೆ. ಅದೇ ಯಾಕೆ, ಪಕ್ಕದ್ದು ಯಾಕಲ್ಲ ಎಂಬುದು ನಮ್ಮ ಮುಖ್ಯಸ್ಥರಿಗೂ ಗೊತ್ತಿಲ್ಲ. ಹಾಗೆ ಕಪ್ಪಗಾದ ಕೋಶ, ಹಳದಿ ಬೆಳಕಿನಲ್ಲಿ, ಎಲೆಯುದುರಿದ ಮರದಂತೆ ಕಾಣುತ್ತದೆ. ಇಪ್ಪತ್ತೆರಡು ವರ್ಷ ನಾನು ಅಂಥ ಮರಗಳನ್ನು ನೋಡಿದ್ದೆ. ಹೊರಗಿನ ಮರವೊಂದನ್ನು ನೆಟ್ಟಗೆ ನೋಡಿದ ನೆನಪು ಮಾತ್ರ ಇರಲಿಲ್ಲ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ನನ್ನಂತೆ ಅವನೂ ಒಂಟಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಅಂಗಡಿಯ ಬೀದಿ, ಅದರ ಹಿಂದಿನ ತರಕಾರಿ ಬೀದಿ, ಅವೆರಡನ್ನೂ ಸೇರಿಸುವ ಔಷಧಿ ಅಂಗಡಿಯ ಬೀದಿ, ಇಷ್ಟೇ ಅವನ ಲೋಕ. ಅದರಾಚೆ ಅವನು ಕಾಲಿಟ್ಟಿದ್ದನ್ನು ಯಾರೂ ಕಂಡವರಿಲ್ಲ. ಬೀದಿಯವರು ಅವನನ್ನು ‘ಮೂರು ಬೀದಿಯ ಮಹಾರಾಜ’ ಎನ್ನುತ್ತಿದ್ದರು. ಅವನೂ ಜೊತೆಗೂಡಿ ನಗುತ್ತಿದ್ದ. “ಮಹಾರಾಜ ಅಂದ್ಮೇಲೆ ಪ್ರಜೆಗಳು ಬರ್ಬೇಕಪ್ಪ, ಮಹಾರಾಜ ಹೋಗೋದುಂಟಾ?” ಎನ್ನುತ್ತಿದ್ದ. ನಾವು ಅದನ್ನು ಸೋಮಾರಿತನ ಎಂದುಕೊಂಡೆವು. ಆಮೇಲೆ ಮೊಂಡುತನ ಎಂದುಕೊಂಡೆವು.

ನನಗೆ ಮೂವತ್ತೈದಾಗಿದ್ದಾಗ ಅಮ್ಮ ನನ್ನ ಆಸ್ಪತ್ರೆಯಲ್ಲೇ, ಮೂರನೇ ಮಹಡಿಯಲ್ಲಿ, ಹನ್ನೊಂದು ದಿನ ಮಲಗಿದ್ದಳು. ಕೊನೆಯ ದಿನ ಬೆಳಿಗ್ಗೆ ವೈದ್ಯರು, ಬರುವವರಿದ್ದರೆ ಬರಲಿ ಎಂದರು. ನಾನು ಅಣ್ಣನಿಗೆ ಫೋನ್ ಮಾಡಿದೆ. “ಹೊರಟೆ” ಎಂದ. ಅಮ್ಮ ಮೂರು ಸಲ ಕೇಳಿದಳು, “ಅವನು ಬಂದ್ನಾ?” ಎಂದು. ಮೂರು ಸಲವೂ “ದಾರೀಲಿದ್ದಾನೆ” ಎಂದೆ. ನಾಲ್ಕು ಗಂಟೆಗೆ ಅವಳು ಹೋದಳು. ಸಂಜೆ ನಾನು ಅಂಗಡಿಗೆ ಹೋದಾಗ ಅವನು ಗೋಂದಿನ ಕುಂಚ ಹಿಡಿದು ಯಾವುದೋ ಲೆಡ್ಜರಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ. “ಅಮ್ಮ ಹೋದಳು. ನೀನು ಅಂಟಿಸ್ತಾ ಕೂತಿರು” ಎಂದೆ. ಅವನು ತಲೆಯೆತ್ತಲಿಲ್ಲ. ಆಮೇಲೆ ನಾನು ಆ ಬೀದಿಗೆ ಕಾಲಿಡಲಿಲ್ಲ. ಏನಾದರೂ ಸಹಿ ಬೇಕಾದಾಗ ಅಂಚೆಯಲ್ಲಿ ಕಳಿಸುತ್ತಿದ್ದೆ, ಅವನು ಅಂಚೆಯಲ್ಲೇ ಹಿಂದಿರುಗಿಸುತ್ತಿದ್ದ.

ನನಗೆ ನಲವತ್ತನಾಲ್ಕಾಗಿದ್ದಾಗ, ಒಂದು ಬೆಳಿಗ್ಗೆ ಬೇರೇನೋ ಕೆಲಸ ಮುಗಿಸಿ ಬಸ್ಸಿನಲ್ಲಿ ನದಿಯ ಸೇತುವೆ ದಾಟುತ್ತಿದ್ದೆ. ಕಾರಣವೇ ಇಲ್ಲದೆ ಎದೆ ಡವಡವ ಎನ್ನತೊಡಗಿತು. ಅಂಗೈ ಬೆವರಿತು, ತುಟಿ ಜೋಮು ಹಿಡಿಯಿತು. ಪಕ್ಕದವರ ಮಾತು ನೀರಿನಡಿಯಿಂದ ಬಂದಂತೆ ಕೇಳಿಸಿತು. ಈ ಬಸ್ಸಿನಿಂದ ಈಗಲೇ ಇಳಿಯದಿದ್ದರೆ ಸತ್ತೇ ಹೋಗುತ್ತೇನೆ ಅನ್ನಿಸಿತು. ಸೇತುವೆಯ ನಡುವೆ ಬಸ್ಸು ಎಲ್ಲಿ ನಿಲ್ಲುತ್ತದೆ? ಆಚೆ ದಡ ಸೇರುವಷ್ಟರಲ್ಲಿ ಮುಂದಿನ ಸೀಟಿನ ಕಂಬಿಯನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ, ಕಂಡಕ್ಟರ್ ಬಂದು ಬೆರಳು ಬಿಡಿಸಬೇಕಾಯಿತು.

ಹೃದಯದ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ. ವಾರದಲ್ಲಿ ಎರಡು ಸಲ, ಮೂರು ಸಲ ಹಾಗೇ ಆಯಿತು. ಕೊನೆಗೆ ನಮ್ಮ ಆಸ್ಪತ್ರೆಯ ನರರೋಗದ ಡಾಕ್ಟರಮ್ಮನ ಮುಂದೆ ಕೂತೆ.

“ಮಿದುಳಿನ ಒಳಗೆ ಬಾದಾಮಿ ಗಾತ್ರದ್ದೊಂದು ಭಾಗ ಇದೆಯಲ್ಲ, ನಿಮಗೆ ನಾನು ಹೇಳ್ಬೇಕಾ?” ಎಂದರು. “ಅದು ಕಾವಲುಗಾರ. ಅಪಾಯ ಕಂಡ್ರೆ ಗಂಟೆ ಹೊಡೀಬೇಕು. ನಿಮ್ಮವನು ಬೆಂಕಿ ಇಲ್ದೇನೇ ಹೊಡೀತಿದ್ದಾನೆ. ಸುಳ್ಳು ಗಂಟೆ ಅದು.”

“ನಿಲ್ಸೋದು ಹೇಗೆ?”

“ನಿಲ್ಸೋಕೆ ಹೋದಷ್ಟೂ ಜೋರಾಗಿ ಹೊಡೀತಾನೆ. ಹೊಡ್ಕೊಳ್ಲಿ ಬಿಡಿ. ಮಾತ್ರೆ ಕೊಡ್ತೀನಿ. ಜೊತೆಗೆ, ಗಾಬರಿ ಬಂದಾಗ ಹೊರಗಡೆ ಇರೋ ಒಂದು ವಸ್ತುವನ್ನ ಕಣ್ಣಲ್ಲಿ ಹಿಡ್ಕೊಳ್ಳಿ. ಅದರ ಬಣ್ಣ, ಅಂಚು, ಎಷ್ಟು ಕವಲು, ಒಂದೊಂದೇ ಗಮನಿಸ್ತಾ ಹೋಗಿ.” ಆಮೇಲೆ ಚೀಟಿ ಬರೆಯುತ್ತ, “ಇದು ಕೆಲವು ಮನೆಗಳಲ್ಲಿ ಒಬ್ಬರಿಂದೊಬ್ಬರಿಗೆ ಬಂದಿರುತ್ತೆ. ನಿಮ್ಮನೇಲಿ ಯಾರಿಗಾದ್ರೂ ಇತ್ತಾ?” ಎಂದು ಕೇಳಿದರು.

“ಇಲ್ಲ” ಎಂದೆ. ಚೀಟಿ ತೆಗೆದುಕೊಂಡು ಬಾಗಿಲವರೆಗೆ ಬಂದೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟವಳಿಗೆ ಮುಂದಕ್ಕೆ ಹೆಜ್ಜೆ ಎತ್ತಲಾಗಲಿಲ್ಲ. ಅಣ್ಣನ ಮೂರು ಬೀದಿಗಳು ಕಣ್ಣ ಮುಂದೆ ಬಂದವು.

ಆದರೂ ಆ ದಿನವೇ ನಾನು ಅವನ ಹತ್ತಿರ ಓಡಲಿಲ್ಲ. ಒಂಬತ್ತು ವರ್ಷದ ಸಿಟ್ಟು ಒಂದು ಮಾತಿಗೆ ಕರಗುವುದಿಲ್ಲ. ಕರಗಿದರೆ ಇಷ್ಟು ದಿನ ಅದನ್ನು ಹೊತ್ತು ತಿರುಗಿದ್ದಕ್ಕೆ ಏನರ್ಥ?

ಡಾಕ್ಟರಮ್ಮ ಹೇಳಿದ್ದನ್ನು ಮಾತ್ರ ಮಾಡಿದೆ. ಆಸ್ಪತ್ರೆಯ ಬಸ್ ನಿಲ್ದಾಣದ ಹಿಂದೆ ಒಂದು ಮರ. ಎಲೆಯೆಲ್ಲ ಉದುರಿತ್ತು. ಗಾಬರಿ ಶುರುವಾದ ಒಂದು ಸಂಜೆ ಅದನ್ನು ಕಣ್ಣಲ್ಲಿ ಹಿಡಿದುಕೊಂಡೆ. ಕಾಂಡ, ಎರಡು ಕವಲು, ಎಡಗವಲಿಗೆ ಮೂರು, ಅದರ ತುದಿಗೆ ಎಣಿಕೆಗೆ ಸಿಗದ ಕಡ್ಡಿಗಳು. ಎಣಿಸುತ್ತಿದ್ದಂತೆ ನಗು ಬಂತು. ಬೆಳಿಗ್ಗೆಯಿಡೀ ನಾನು ಇದನ್ನೇ ಫೋಟೊ ತೆಗೆದಿದ್ದೆ. ಅದೇ ಕಾಂಡ, ಅದೇ ಕವಲು, ಕೊನೆಗೆ ಅದೇ ಸಣ್ಣ ಮುಳ್ಳುಮುಳ್ಳು. ಗಂಟೆ ಹೊಡೆಯುತ್ತಲೇ ಇತ್ತು. ಅದನ್ನು ಕೇಳಲು ನನಗೆ ಮಾತ್ರ ಪುರುಸೊತ್ತಿರಲಿಲ್ಲ.

ಹೊಸದು ಬಂದ ಮೇಲೆ ಮೂಲೆಗೆ ಸೇರಿದ್ದ ಹಳೆಯ ಕ್ಯಾಮೆರಾ ಒಂದು ಪ್ರಯೋಗಾಲಯದಲ್ಲಿತ್ತು. ಮುಖ್ಯಸ್ಥರನ್ನು ಕೇಳಿ ಮನೆಗೆ ತಂದೆ. ಆ ಚಳಿಗಾಲವೆಲ್ಲ ಕವಲೊಡೆಯುವುದನ್ನೇ ಹುಡುಕಿಕೊಂಡು ಅಲೆದೆ. ಬೋಳು ಮರಗಳು, ಗೋಡೆಗೆ ಅಂಟಿ ಒಣಗಿದ ಬಳ್ಳಿ, ಬಿರಿದ ಕೆಸರು, ಮಣ್ಣು ಕುಸಿದಲ್ಲಿ ಹೊರಗೆ ಇಣುಕಿದ ಬೇರು, ಕೊಳೆತ ಎಲೆಯಲ್ಲಿ ಉಳಿದ ಬರೀ ನರಗಳ ಬಲೆ. ಒಂದೊಂದಕ್ಕೂ ಪ್ರಯೋಗಾಲಯದ ಫೋಟೊಗಳಲ್ಲಿ ಜೋಡಿ ಹುಡುಕಿ ಪಕ್ಕದಲ್ಲಿಟ್ಟೆ. ಅರವತ್ತು ಜೋಡಿಗಳಾದವು. ಅವನ್ನು ಒಂದು ಆಲ್ಬಮ್ ಮಾಡಿಸಬೇಕೆನ್ನಿಸಿತು. ಊರಲ್ಲಿ ಬೈಂಡಿಂಗ್ ಮಾಡುವವರು ಹತ್ತು ಜನ ಇದ್ದಾರೆ. ನಾನು ಕಟ್ಟನ್ನು ಎತ್ತಿಕೊಂಡು ಅಣ್ಣನ ಅಂಗಡಿಗೇ ಹೋದೆ.

ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ. ಸ್ಟೂಲಿನ ಮೇಲಿದ್ದ ಕಾಗದದ ಮಡಿಕೆಗಳನ್ನು ತೆಗೆದು ತೋಳಿನಿಂದ ಅದನ್ನು ಒರೆಸಿದ.

“ಕೂತ್ಕೋ ಪುಟ್ಟಿ.”

ನಲವತ್ತನಾಲ್ಕು ವರ್ಷದವಳನ್ನು ಪುಟ್ಟಿ ಎನ್ನುವವರು ಲೋಕದಲ್ಲಿ ಅವನೊಬ್ಬನೇ ಉಳಿದಿದ್ದ. ನಾನು ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟೆ. ಅವನು ಕೈ ತೊಳೆದು ಬಂದು ಒಂದೊಂದನ್ನೂ ಅಂಚು ಹಿಡಿದು ನೋಡಿದ.

“ಇದು ಮರ. ಇದೂ ಮರಾನೇ?”

“ಅದು ಮಿದುಳು.”

“ಯಾರದು?”

“ಗೊತ್ತಿಲ್ಲ. ನಂಬರ್ ಮಾತ್ರ ಇರುತ್ತೆ.”

“ಪಾಪ” ಎಂದ, ಆ ಫೋಟೊವನ್ನು ಮೆಲ್ಲಗೆ ಕೆಳಗಿಟ್ಟು. ಇವನ್ನೆಲ್ಲ ಯಾಕೆ ತೆಗೆದೆ ಎಂದು ಕೇಳಿದ. ನಾನು ಬಸ್ಸಿನ ಕತೆ ಹೇಳಿದೆ. ಎದೆ, ಅಂಗೈ, ತುಟಿ, ನೀರಿನಡಿಯಿಂದ ಬರುವ ಮಾತು. ಹೇಳುತ್ತ ಹೋದಂತೆ ಅವನ ಮುಖದ ಬಣ್ಣ ಇಳಿಯಿತು. ಡಾಕ್ಟರಮ್ಮನ ಮಾತನ್ನೂ ಹೇಳಿದೆ, ಈ ಕಾಯಿಲೆಗಿರುವ ಹೆಸರನ್ನೂ ಹೇಳಿದೆ.

ಅವನು ಫೋಟೊಗಳನ್ನು ಅಂಚು ಸೇರಿಸಿ ಜೋಡಿಸಿಟ್ಟ. ಆಮೇಲೆ ಕೇಳಿದ. “ಇದಕ್ಕೆ ಹೆಸರಿದ್ಯಾ?”

“ಇದೆ.”

“ಬೇರೆಯವರಿಗೂ ಬರುತ್ತಾ?”

“ತುಂಬ ಜನಕ್ಕೆ ಬರುತ್ತೆ ಅಣ್ಣ.”

“ನಾನು ಹೇಡಿ ಅಂದ್ಕೊಂಡಿದ್ದೆ ಕಣೆ” ಎಂದ. “ಹದಿನೇಳನೇ ವಯಸ್ಸಿಂದ. ಹೇಡಿ ಅಂತ ಹೇಳ್ಕೊಳ್ಳೋದಕ್ಕಿಂತ ಮಹಾರಾಜ ಅನ್ನಿಸ್ಕೊಳ್ಳೋದು ಸುಲಭ ಅಲ್ವಾ?”

ಅವನು ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದ. ಕೂರದೆ, ನನಗೆ ಬೆನ್ನು ಮಾಡಿ, ಕತ್ತರಿಸುವ ಯಂತ್ರದ ಹಿಡಿಯನ್ನು ಹಿಡಿದುಕೊಂಡು ಹೇಳಿದ.

“ಅವತ್ತು ನಾನು ಹೊರಟಿದ್ದೆ. ನೀನು ಫೋನಿಟ್ಟ ಕೂಡ್ಲೇ ಹೊರಟೆ. ನಡ್ಕೊಂಡೇ ಹೋದೆ. ಸೇತುವೆ ಹತ್ತಿದೆ. ಏಳನೇ ದೀಪದ ಕಂಬದವರೆಗೆ ಹೋದೆ. ಅಲ್ಲಿಂದ ನಿನ್ನ ಆಸ್ಪತ್ರೆ ಕಿಟಕಿ ಕಾಣುತ್ತೆ. ಕಾಲು ಕಿತ್ತಿಡೋಕಾಗ್ಲಿಲ್ಲ. ವಾಪಸ್ ಬಂದೆ. ಮತ್ತೆ ಹೋದೆ. ನಾಲ್ಕು ಸಲ ಹೋದೆ ಪುಟ್ಟಿ. ನಾಲ್ಕನೇ ಸಲ ಯಾರೋ ಗಾಡಿ ನಿಲ್ಲಿಸಿ, ಯಾಕಪ್ಪ, ನೀರಿಗೆ ಬೀಳೋಕೆ ಬಂದ್ಯಾ ಅಂತ ಕೈ ಹಿಡಿದು ಈ ಕಡೆ ತಂದು ಬಿಟ್ರು. ಈ ಕಡೆ. ಆ ಕಡೆ ಬಿಟ್ಟಿದ್ರೆ...”

ನಾನು ಅವನ ಬೆನ್ನಿಗೆ ಹಣೆಯಿಟ್ಟು ಅತ್ತೆ. ಅವನ ಅಂಗಿಯಲ್ಲಿ ಗೋಂದಿನ ವಾಸನೆ. ಅಮ್ಮನಿಗೆ ನಾನು ಮೂರು ಸಲ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಅವನು ದಾರಿಯಲ್ಲೇ ಇದ್ದ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನಮ್ಮಿಬ್ಬರ ಬಾಳಿನ ಒಳ್ಳೆಯ ದಿನಗಳು. ಭಾನುವಾರ ಬೆಳಿಗ್ಗೆ ಬರುತ್ತಿದ್ದೆ. ಕ್ಯಾಮೆರಾ ನನ್ನ ಕೊರಳಿಗೆ, ಟ್ರೈಪಾಡ್ ಅವನ ಹೆಗಲಿಗೆ. ಮೊದಲ ವಾರ ನಾಲ್ಕನೇ ಬೀದಿಯ ಬಾಯಿಯಲ್ಲಿ ನಿಂತೆವು, ಅಷ್ಟೆ. ಅಲ್ಲಿ ಒಂದು ಗೋಡೆಯ ಬಿರುಕಿನಲ್ಲಿ ಹುಟ್ಟಿದ ಗಿಡದ ಬೇರು ಇಟ್ಟಿಗೆಗಳ ಸಂದಿಯಲ್ಲಿ ಚೌಕಚೌಕವಾಗಿ ಹಬ್ಬಿತ್ತು. ಅವನು ಬೆವರುತ್ತಲೇ ಟ್ರೈಪಾಡಿನ ಕಾಲು ಬಿಡಿಸಿದ. “ಬೇರು ಎಷ್ಟು ಕವಲು, ಎಣಿಸು” ಎಂದೆ. “ಹದಿನಾರು” ಎಂದ. “ಹದಿನಾರು ಪುಟದ ಮಡಿಕೆ, ನಮ್ಮ ಕಸುಬಿನ ಲೆಕ್ಕ” ಎಂದು ನಕ್ಕ. ಎರಡನೇ ವಾರ ಐದನೇ ಬೀದಿ. ಆಮೇಲೆ ಮೈದಾನ. ಔಷಧಿ ಅಂಗಡಿಯಾತ ನಮ್ಮನ್ನು ಕಂಡು, “ಮಹಾರಾಜರು ದಂಡಯಾತ್ರೆಗೆ ಹೊರಟ್ರಾ?” ಎಂದ. “ಹೂಂ, ಗಡಿ ವಿಸ್ತರಿಸ್ತಾ ಇದ್ದೀವಿ” ಎಂದ ಅಣ್ಣ.

ನೀರು ಇಳಿದ ಕಾಲಕ್ಕೆ ನಾವು ನದಿಯ ದಡ ಮುಟ್ಟಿದೆವು. ಸೇತುವೆಯ ಮೇಲೆ ಅಲ್ಲ, ಕೆಳಗೆ. ಇಳಿದ ನೀರು ಮರಳಿನ ಮೇಲೆ ಸಾವಿರ ಕವಲಿನ ಗುರುತು ಬಿಟ್ಟು ಹೋಗಿತ್ತು. ಒಂದು ದೊಡ್ಡ ನರಕೋಶ ಮಲಗಿದಂತೆ. ಬಿಸಿಲು ಓರೆಯಾಗಿ ಬಿದ್ದು ಪ್ರತಿ ಗೀರಿಗೂ ನೆರಳಿತ್ತು. ನಾನು ಅದನ್ನು ತೆಗೆಯುವಷ್ಟು ಹೊತ್ತೂ ಅಣ್ಣ ತಲೆಯೆತ್ತಿ ಸೇತುವೆಯ ದೀಪದ ಕಂಬಗಳನ್ನೇ ನೋಡುತ್ತಿದ್ದ.

ಆ ವಾರದಿಂದಲೇ ಇರಬೇಕು, ತಲೆನೋವು ಎನ್ನತೊಡಗಿದ. ಬೆಳಿಗ್ಗೆ ಏಳುವಾಗ ಜಾಸ್ತಿ, ಒಂದೊಂದು ದಿನ ವಾಂತಿ. ಎರಡು ಸಲ ಸುಟ್ಟ ರಬ್ಬರಿನ ವಾಸನೆ ಬಂತು, ನೋಡಿದರೆ ಎಲ್ಲೂ ಏನೂ ಇಲ್ಲ ಎಂದ.

“ಡಾಕ್ಟರಿಗೆ ತೋರಿಸ್ಬೇಕಾ ಪುಟ್ಟಿ?”

ಈ ಮಾತನ್ನು ಅವನು ಕೇಳಿದ. ಬಾಯಿಬಿಟ್ಟು ಕೇಳಿದ. ನಾನು ಅವನ ಬೆನ್ನು ಸವರಿ, “ಸುಳ್ಳು ಗಂಟೆ ಅಣ್ಣ” ಎಂದೆ. “ಮೂವತ್ತೈದು ವರ್ಷ ಬೀಗ ಹಾಕಿಟ್ಟ ತಲೆ, ಈಗ ಬಾಗಿಲು ತೆಗೆದಿದ್ದೀಯ. ಸದ್ದು ಮಾಡದೇ ಇರುತ್ತಾ? ಅದರ ಪಾಡಿಗೆ ಅದನ್ನ ಬಿಡು.” ಅವನು ತಲೆಯಾಡಿಸಿದ. ನನಗೆ ತಿಳಿದಿರುತ್ತದೆ ಎಂದು ನಂಬಿದ. ಮಿದುಳಿನ ಕೆಲಸದವಳು ನಾನು.

ಹೀಗೆ ಆರು ವಾರ ಕಳೆದವು.

ಏಳನೇ ವಾರ ಹೋದಾಗ ಅವನು ಒಂದು ಪ್ರಬಂಧಕ್ಕೆ ರಟ್ಟು ಹಾಕಿ ಮುಗಿಸಿದ್ದ. ತೆಗೆದು ನೋಡಿದರೆ ಪುಟಗಳೆಲ್ಲ ತಲೆಕೆಳಗು. ಮೂವತ್ತು ವರ್ಷದಲ್ಲಿ ಅಂಥ ತಪ್ಪು ಅವನಿಂದ ಆಗಿರಲಿಲ್ಲ. “ಏನಣ್ಣ, ಶೀರ್ಷಾಸನ ಹಾಕಿ ಓದ್ಬೇಕಾ ಇದನ್ನ?” ಎಂದು ನಾನು ನಕ್ಕೆ. ಅವನೂ ನಕ್ಕು, ಮುಂದಿನ ಮಡಿಕೆಗೆ ಸೂಜಿ ಚುಚ್ಚಿದ. ಸೂಜಿ ಕಾಗದ ದಾಟಿ ಎಡಗೈ ಹೆಬ್ಬೆರಳಿಗೆ ಇಳಿಯಿತು. ಬಿಳಿ ಹಾಳೆಯ ಮೇಲೆ ರಕ್ತ ಹರಡುತ್ತಿದ್ದರೂ ಅವನು ದಾರ ಎಳೆಯುತ್ತಲೇ ಇದ್ದ. ಅವನಿಗೆ ತಿಳಿದೇ ಇರಲಿಲ್ಲ.

ನಾನು ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಮಾರನೆಯ ದಿನವೇ ಸ್ಕ್ಯಾನ್ ಮಾಡಿಸಬೇಕೆಂದರು ಡಾಕ್ಟರಮ್ಮ. ಅದಕ್ಕೆ ಸೇತುವೆ ದಾಟಬೇಕು, ಆಮೇಲೆ ಸುರಂಗದಂಥ ಯಂತ್ರದೊಳಗೆ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. “ಸೇತುವೆ ಹೇಗಾದ್ರೂ ದಾಟ್ತೀನಿ, ಆ ಕೊಳವೆ ನನ್ನ ಕೈಲಿ ಆಗೋದಲ್ಲ” ಎಂದ. ಬಾಡಿಗೆ ಕಾರಿನಲ್ಲಿ ಅವನು ಕಣ್ಣು ಮುಚ್ಚಿ, ನನ್ನ ಮಣಿಕಟ್ಟು ಹಿಡಿದು, “ಒಂದು ಮಡಿಕೆ ಹದಿನಾರು, ಎರಡು ಮಡಿಕೆ ಮೂವತ್ತೆರಡು” ಎಂದು ಎಣಿಸುತ್ತ ಹೋದ. ಇನ್ನೂರ ನಲವತ್ತಕ್ಕೆ ಬಂದಾಗ ಆಚೆ ದಡ. ನನ್ನ ಮಣಿಕಟ್ಟಿನಲ್ಲಿ ಅವನ ಉಗುರಿನ ಗುರುತು ನಾಲ್ಕು ದಿನ ಇತ್ತು.

ಸ್ಕ್ಯಾನ್ ಕೋಣೆಯ ಆಪರೇಟರ್ ನನಗೆ ಪರಿಚಯದವರು. ಒಳಗೆ ಮಲಗಿದವರ ಕಣ್ಣಿನ ಮೇಲೆ ಒಂದು ಚಿಕ್ಕ ಕನ್ನಡಿ ಬರುತ್ತದೆ, ಅದರಲ್ಲಿ ಕಾಲ ಕಡೆಯ ಗೋಡೆ ಕಾಣುತ್ತದೆ. ಆ ಗೋಡೆಗೆ ಒಂದು ಚಿತ್ರ ಅಂಟಿಸಲೇ ಎಂದು ಕೇಳಿದೆ. “ಅಂಟ್ಸಿ ಮೇಡಂ, ಗೋಡೆ ಹೇಗೂ ಖಾಲಿ ಕೂತಿದೆ” ಎಂದರು. ನಾನು ಮರದ ಫೋಟೊ ತೆಗೆದೆ. ಅಣ್ಣ ಬೇಡ ಎಂದ. “ಮರಳಿಂದು ಹಾಕು. ಅದ್ರಲ್ಲಿ ಎಣಿಸೋಕೆ ಜಾಸ್ತಿ ಇದೆ.”

ಮೊದಲ ಸಲ ಎರಡೇ ನಿಮಿಷಕ್ಕೆ ಸಾಕೆನ್ನಿಸಿದರೆ ಒತ್ತಲು ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಗುಂಡಿ ಒತ್ತಿಬಿಟ್ಟ. ಹೊರಗೆಳೆದಾಗ ಮುಖದ ತುಂಬ ಬೆವರು. “ಎಲ್ಲಿವರೆಗೆ ಎಣಿಸ್ದೆ?” ಎಂದೆ. “ಎಡದಂಡೆ ಮಾತ್ರ” ಎಂದ. ನೀರು ಕುಡಿದ. ಐದು ನಿಮಿಷ ಕೂತ. “ಬಲದಂಡೆ ಉಳಿದಿದೆ, ನಡಿ” ಎಂದು ತಾನೇ ಎದ್ದು ಹೋಗಿ ಮಲಗಿದ.

ನಾನು ಗಾಜಿನ ಈಚೆ ಆಪರೇಟರ್ ಪಕ್ಕದಲ್ಲಿ ನಿಂತೆ. ಯಂತ್ರ ಕುಟ್ಟುವ, ಗರಗಸ ಎಳೆಯುವ ಸದ್ದು ಮಾಡುತ್ತಿತ್ತು. ಅಣ್ಣನ ಪಾದಗಳು ಅಲುಗಾಡಲಿಲ್ಲ. ಆಮೇಲೆ ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಮೂಡತೊಡಗಿದವು. ಅಲ್ಲಿ ನಿಂತವರು ಬೇರೆ ಯಾರಾದರೂ ಆಗಿದ್ದರೆ ವರದಿ ಬರುವವರೆಗೆ ಒಂದು ದಿನ ನೆಮ್ಮದಿಯಿಂದ ಇರುತ್ತಿದ್ದರು. ಇಪ್ಪತ್ತೆರಡು ವರ್ಷದ ಕಸುಬು ನನಗೆ ಆ ಒಂದು ದಿನವನ್ನೂ ಬಿಡಲಿಲ್ಲ. ಬಲಗಡೆ, ಕಿವಿಯ ಒಳಭಾಗಕ್ಕೆ, ನಿಂಬೆಹಣ್ಣಿನಷ್ಟು ದೊಡ್ಡದು, ಅಂಚು ಹರಿದ ಬಿಳಿ ಗೆಡ್ಡೆ. ಅದು ಹಬ್ಬಿದ ರೀತಿಯಲ್ಲೇ ಅದರ ಹೆಸರು ಗೊತ್ತಾಯಿತು. ಆಪರೇಟರ್ ನನ್ನ ಕಡೆ ನೋಡಲಿಲ್ಲ. ಕುರ್ಚಿಯನ್ನು ಮಾತ್ರ ಮೆಲ್ಲಗೆ ನನ್ನತ್ತ ಸರಿಸಿದರು.

ಬಾಗಿಲು ತೆರೆಯಿತು. ಅಣ್ಣ ಹೊರಗೆ ಬಂದ. ಪರೀಕ್ಷೆ ಪಾಸಾದ ಮಗುವಿನ ಮುಖ.

“ಮಾಡ್ಬಿಟ್ಟೆ ಪುಟ್ಟಿ! ಪೂರ್ತಿ ಮುಗಿಸ್ದೆ! ಬಲದಂಡೆ ಎಣಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದೆ, ಅಷ್ಟರಲ್ಲಿ ನಿಲ್ಸಿದ್ರು. ಅಮ್ಮ ಇರ್ಬೇಕಿತ್ತು ಕಣೆ ಇದನ್ನ ನೋಡೋಕೆ.”

ನಾನು ಅವನನ್ನು ತಬ್ಬಿಕೊಂಡೆ. ಮುಖ ಕಾಣದಿರಲಿ ಎಂದು ಬಹಳ ಹೊತ್ತು ಬಿಡಲಿಲ್ಲ. ಅವನು ನನ್ನ ಬೆನ್ನು ತಟ್ಟುತ್ತ, “ಅಳ್ತಾರಾ ಇದಕ್ಕೆಲ್ಲ? ಪಾಸಾಗಿದ್ದೀನಿ” ಎನ್ನುತ್ತಿದ್ದ.

ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದರು. ಮಾತ್ರೆಗಳಲ್ಲಿ ನೋವು ಕಡಿಮೆ ಮಾಡಬಹುದು, ಮೂರೋ ನಾಲ್ಕೋ ತಿಂಗಳು ಎಂದರು. ಡಾಕ್ಟರಮ್ಮನನ್ನು ಒಬ್ಬಳೇ ಹೋಗಿ ಕಂಡೆ.

“ಆರು ವಾರ ಮುಂಚೆ ಕರ್ಕೊಂಡು ಬಂದಿದ್ರೆ?”

“ಹೆಚ್ಚು ವ್ಯತ್ಯಾಸ ಆಗ್ತಿರ್ಲಿಲ್ಲ” ಎಂದರು. ಒಳ್ಳೆಯ ಹೆಂಗಸು, ಸುಳ್ಳು ಹೇಳುವವರಲ್ಲ. ಅದಕ್ಕೇ ಆ ‘ಹೆಚ್ಚು’ ಎಂಬ ಮಾತು ನನ್ನ ಗಂಟಲಿಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ಇವತ್ತಿಗೂ ಅಲ್ಲೇ ಇದೆ.

ವರದಿಯ ವಿಷಯ ಅಣ್ಣನಿಗೆ ನಾನೇ ಹೇಳಿದೆ. ಅಂಗಡಿಯಲ್ಲಿ, ಮಧ್ಯಾಹ್ನ. ಅವನು ಕೈಯಲ್ಲಿದ್ದ ಕಾಗದ ಮಡಿಸುವ ಮೂಳೆಯ ಪಟ್ಟಿಯನ್ನು ಅತ್ತಿತ್ತ ತಿರುಗಿಸುತ್ತ ಕೇಳಿಸಿಕೊಂಡ.

“ನೀನು ಕೇಳಿದಾಗ ನಾನೇ ಸುಳ್ಳು ಗಂಟೆ ಅಂದೆ ಅಣ್ಣ.”

“ಅಂದೆ. ನನಗೂ ಅದೇ ಬೇಕಿತ್ತು” ಎಂದ. “ನೀನು ನಿಜ ಅಂದಿದ್ರೆ ಸೇತುವೆ ದಾಟ್ಬೇಕಾಗ್ತಿತ್ತಲ್ಲ. ಒಳಗೊಳಗೇ ಎಷ್ಟು ಖುಷಿಯಾಯ್ತು ಗೊತ್ತಾ ನೀನು ಹಾಗಂದಾಗ?” ಪಟ್ಟಿಯನ್ನು ಮೇಜಿನ ಮೇಲಿಟ್ಟು, “ಇಬ್ಬರದೂ ಅರ್ಧರ್ಧ ತಪ್ಪು ಅಂತಿಟ್ಕೋ. ಪೂರ್ತಿ ನೀನೇ ಎತ್ಕೋಬೇಡ” ಎಂದ.

ಅರ್ಧವೂ ಭಾರವೇ. ಆದರೆ ಅವನು ಕೊಟ್ಟಿದ್ದನ್ನು ಇಟ್ಟುಕೊಂಡೆ.

ನಾನು ರಜೆ ಹಾಕಿ ಅವನ ಮಹಡಿಗೆ ಬಂದು ಉಳಿದೆ. ಎರಡನೇ ತಿಂಗಳು ಒಂದು ವಿಚಿತ್ರ ನಡೆಯಿತು. ಅವನ ಹೆದರಿಕೆ ಹೋಯಿತು. ಕಡಿಮೆಯಾದದ್ದಲ್ಲ, ಹೋಯಿತು. ಒಂದು ಬೆಳಿಗ್ಗೆ ಎಡಗಾಲು ಎಳೆಯುತ್ತ ಮೆಟ್ಟಿಲಿಳಿದು ಬಂದು, “ನಡಿ, ಸೇತುವೆ ದಾಟೋಣ. ನಡ್ಕೊಂಡು” ಎಂದ. ಗಾಲಿಕುರ್ಚಿಯನ್ನು ನಾನು ಹಿಂದೆ ತಳ್ಳುತ್ತ ಬಂದೆ. ಅವನು ಕಟಕಟೆ ಹಿಡಿದು ನಡೆದ. ಏಳನೇ ಕಂಬದ ಹತ್ತಿರ ನಿಂತು ಅದನ್ನು ಕೈಯಲ್ಲಿ ತಟ್ಟಿದ. “ಇದೇ ಪುಣ್ಯಾತ್ಮ” ಎಂದ. ಆಚೆ ದಡದಲ್ಲಿ ಕುರ್ಚಿಯಲ್ಲಿ ಕೂತ. ಮೂರನೇ ಮಹಡಿಗೆ ಕರೆದೊಯ್ಯಲು ಹೇಳಿದ. ಅಮ್ಮ ಮಲಗಿದ್ದ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಅವನು ಬಾಗಿಲಲ್ಲೇ ಇದ್ದು, ಕಾಲು ಗಂಟೆ ಕಿಟಕಿಯ ಕಡೆ ನೋಡಿದ.

“ನೋಡಿದ್ಯಾ ಪುಟ್ಟಿ? ಅಭ್ಯಾಸ ಮಾಡಿದ್ರೆ ಆಗುತ್ತೆ. ಆ ಫೋಟೊ ತೆಗೀತಾ ತೆಗೀತಾ ನಾನು ಗಟ್ಟಿಯಾದೆ.”

ಸಂಜೆ ಡಾಕ್ಟರಮ್ಮನಿಗೆ ಫೋನ್ ಮಾಡಿ, ಅವನ ಹೆದರಿಕೆ ಎಲ್ಲಿ ಹೋಯಿತೆಂದು ಕೇಳಿದೆ. ಅವರು ಹೇಳಿದರು. “ಗೆಡ್ಡೆ ಇರೋ ಜಾಗ ನಿಮಗೆ ಗೊತ್ತಲ್ಲ. ಆ ಬಾದಾಮಿ ಪಕ್ಕದಲ್ಲೇ ಇದೆ. ಈಗ ಅದನ್ನೂ ತಿಂದಿರಬಹುದು. ಖಚಿತವಾಗಿ ಹೇಳೋಕಾಗಲ್ಲ.”

ನಾನು ಫೋನ್ ಇಟ್ಟು ಒಳಗೆ ಹೋದೆ. ಅಣ್ಣ ದಿಂಬಿಗೆ ಒರಗಿ, ಬೀದಿಗೆಲ್ಲ ಕೇಳುವಂತೆ ಔಷಧಿ ಅಂಗಡಿಯಾತನಿಗೆ ಸೇತುವೆ ದಾಟಿದ ಕತೆ ಹೇಳುತ್ತಿದ್ದ. “ಧೈರ್ಯ ಅನ್ನೋದು ಹೊಲಿಗೆ ಇದ್ದ ಹಾಗೆ ಕಣಯ್ಯಾ. ಒಂದೊಂದೇ ತೂತು, ಒಂದೊಂದೇ ದಾರ” ಎನ್ನುತ್ತಿದ್ದ. ಡಾಕ್ಟರಮ್ಮ ಹೇಳಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಸ್ಕ್ಯಾನ್ ಕೋಣೆಯ ಆ ಅರ್ಧ ಗಂಟೆಯಲ್ಲಿ ಕಾವಲುಗಾರ ಇನ್ನೂ ಬದುಕಿದ್ದ, ಗಂಟೆ ಹೊಡೆಯುತ್ತಲೇ ಇದ್ದ. ಆ ಅರ್ಧ ಗಂಟೆಯಂತೂ ಅವನದೇ. ಉಳಿದದ್ದೂ ಅವನದೇ ಆಗಿರಲಿ ಅನ್ನಿಸಿತು.

ಕೊನೆಕೊನೆಗೆ ಮಾತು ಎಳೆಯತೊಡಗಿತು. ಒಂದು ದಿನ ಹೇಳಿದ. “ನಂದನ್ನೂ ನಿನ್ನ ಶೀಷೇಲಿ ಹಾಕ್ಕೋ. ನಂಬರ್ ಬರೀಬೇಡ, ಮಹಾರಾಜ ಅಂತ ಬರಿ.” ನಾನು ಗದರಿದೆ. ಅವನು ನಗಲಿಲ್ಲ. ಮಿದುಳು ದಾನದ ಕಾಗದ ತರಿಸಿ ಬಲಗೈಯಲ್ಲಿ ಸಹಿ ಹಾಕಿದ, ಸಾಲು ತಪ್ಪಿ ಕೆಳಗಿಳಿದ ಸಹಿ.

ನಾಲ್ಕನೇ ತಿಂಗಳ ಮೊದಲ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ನಾನು ಅವನ ಬಾಯಿ ಒರೆಸುತ್ತಿದ್ದಾಗ ಅವನು ಹೋದ. ಕಿಟಕಿ ತೆರೆದಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಅವನ ಅಂಗಡಿಯ ಬಾಗಿಲು ತಟ್ಟುತ್ತಿದ್ದರು.

ಅವನು ಸಹಿ ಹಾಕಿದ ಕಾಗದದಂತೆಯೇ ನಡೆಸಿದೆ. ಆ ವಾರ ಪ್ರಯೋಗಾಲಯಕ್ಕೆ ಹೋಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿ, “ಅಕ್ಕ, ನಾನು ನೋಡ್ಕೋತೀನಿ, ಮೆತ್ತಗೆ ಮಾಡ್ತೀನಿ” ಎಂದಳು. ಸ್ಲೈಡುಗಳು ಕಪಾಟಿನಲ್ಲಿವೆ. ಯಾವ ಸಾಲು ಎಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಭಾನುವಾರಗಳಲ್ಲಿ ಕ್ಯಾಮೆರಾ ಎತ್ತಿಕೊಂಡು ಹೊರಡುತ್ತೇನೆ. ಒಂದೊಂದು ದಿನ ಒಂದೂ ಫೋಟೊ ತೆಗೆಯದೆ ಹಿಂದಿರುಗುತ್ತೇನೆ. ಗಾಬರಿ ಈಗಲೂ ಬರುತ್ತದೆ. ಬಂದಾಗ ಮೊದಲಿನಂತೆ ಅದನ್ನು ಸುಳ್ಳು ಎಂದು ತಳ್ಳಿಹಾಕಲು ಬಾಯಿ ಬರುವುದಿಲ್ಲ. ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತೇನೆ.

ಅಂಗಡಿ ಖಾಲಿ ಮಾಡುವಾಗ ಕಟ್ಟಿ ಮುಗಿಸಿದ ಹನ್ನೊಂದು ಪುಸ್ತಕಗಳು ಸಿಕ್ಕವು, ಒಂದೊಂದರ ಮೇಲೂ ವಿಳಾಸದ ಚೀಟಿ. ಮನೆಮನೆಗೆ ಹೋಗಿ ಕೊಟ್ಟು ಬಂದೆ. ಕೊನೆಯದು ನಿವೃತ್ತ ಮೇಷ್ಟ್ರೊಬ್ಬರದು. ಬಾಗಿಲು ತೆರೆದವರೇ ರೇಗಿದರು.

“ಏನಮ್ಮ ಇದು? ಮಂಗಳವಾರ ಕೊಡ್ತೀನಿ ಅಂದೋನು. ಯಾವ ಮಂಗಳವಾರ ಅಂತ ಕೇಳ್ಕೋಬೇಕಿತ್ತು ನಾನು. ಆರು ತಿಂಗಳಾಯ್ತು.”

“ತಡವಾಯ್ತು ಸಾರ್. ಕ್ಷಮಿಸಿ” ಎಂದೆ.

ಅವರು ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದರು. ನಡುವಿನ ಎರಡು ಮಡಿಕೆಗಳು ಹಿಂದುಮುಂದಾಗಿದ್ದವು. ಹೊಲಿಗೆ ಸಾಲು ಬಿಟ್ಟು ಓರೆಯಾಗಿ ಓಡಿತ್ತು. ಅವರು ಅದರ ಮೇಲೆ ಬೆರಳಾಡಿಸಿದರು, ನನ್ನ ಮುಖ ನೋಡಿದರು, ಮತ್ತೆ ಹೊಲಿಗೆ ನೋಡಿದರು.

“ಅವನು ಹುಷಾರಾಗಿದ್ದಾನಾ?” ಎಂದು ಕೇಳಿದರು.

ನಾನು ತಲೆಯಾಡಿಸಿದೆ, ಇಲ್ಲ ಎಂದು. “ಬಿಚ್ಚಿ ಸರಿ ಮಾಡಿಸಿ ತಂದ್ಕೊಡ್ತೀನಿ ಸಾರ್” ಎಂದು ಕೈ ಚಾಚಿದೆ.

ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. “ಬೇಡ ಬಿಡಮ್ಮ” ಎಂದರು. “ಎಲ್ಲಿ ಹಿಂದುಮುಂದಾಗಿದೆ ಅಂತ ನನಗೆ ಗೊತ್ತಾಯ್ತಲ್ಲ. ಹಾಗೇ ಓದ್ಕೋತೀನಿ. ಒಳಗೆ ಬಾ, ಬಿಸಿಲಲ್ಲಿ ನಿಂತಿದ್ದೀಯ.”